ನನ್ನ ಪಾಳಿ ಯಾವಾಗ್ರಿ?

ಎಲ್ಲರಿಗೂ ನಮಸ್ಕಾರ. ಪಾಲಕರು ಸ್ವಲ್ಪ ಮುಂದೆ ಬನ್ನಿ, ಹಿಂದೆ ಬಿಸಿಲಿದೆ. ಮಕ್ಕಳು ಅಲ್ಲೇ ಕೋರ್ಟಿನ ಮೇಲೆ ಕೂತುಕೊಳ್ಳಿ. ಬಾಲ್ ಕೆಳಗಿಡಿ, ಇಲ್ಲದಿದ್ದರೆ ಆ ಸಪ್ಪಳದಲ್ಲಿ ಮಾತು ಯಾರಿಗೂ ಕೇಳುವುದಿಲ್ಲ.

ಬ್ಯಾಸ್ಕೆಟ್‌ಬಾಲ್ ಶಿಬಿರದ ಕೊನೇ ದಿನ ಏನಾದರೂ ಮಾತಾಡಿ ಅಂದರು. ನಾನು ಒಂದು ತಂಡದ ಒಂದು ವರ್ಷದ ಕಥೆ ಹೇಳುತ್ತೇನೆ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ಸ್ಯಾನ್ ಆಂಟೋನಿಯೋ ಸ್ಪರ್ಸ್, 2013-14ರ ಸೀಸನ್. ಇದೇ ಯಾಕೆ ಅಂದರೆ, ಈ ಒಂದು ತಿಂಗಳಲ್ಲಿ ನನಗೆ ಬಂದ ಪ್ರಶ್ನೆ ಒಂದೇ. ಬೆಂಚಿನ ಮೇಲೆ ಕೂತ ಹುಡುಗ ಅಂಗಿ ಜಗ್ಗಿ ಕೇಳುತ್ತಾನೆ, "ಸರ್, ನನ್ನ ಪಾಳಿ ಯಾವಾಗ್ರಿ?" ಸಂಜೆ ಅವನ ಅಪ್ಪ ಗೇಟಿನ ಹತ್ತಿರ ಕೇಳುತ್ತಾರೆ, "ನಮ್ಮ ಹುಡುಗನ್ನ ಯಾಕ ಜಾಸ್ತಿ ಆಡಸೂದಿಲ್ರಿ?"

ಕಥೆ ಸೋಲಿನಿಂದ ಶುರು. 2013ರ ಜೂನ್ 19, ಬುಧವಾರ. ಅಲ್ಲಿ ಮಂಗಳವಾರ ರಾತ್ರಿ, ನಮಗೆ ಬೆಳಗಿನ ಆರೂವರೆ. ಧಾರವಾಡದಲ್ಲಿ ಜಿಟಿಜಿಟಿ ಮಳೆ. ಸಪ್ತಾಪುರದಲ್ಲಿ ಗೆಳೆಯನ ರೂಮು, ಸಣ್ಣ ಟಿವಿ, ನಾವು ನಾಲ್ಕು ಜನ, ಕರೆಂಟ್ ಹೋಗದಿದ್ದರೆ ಸಾಕು ಅಂತ ಬೇಡಿಕೊಳ್ಳುತ್ತಾ ಕೂತಿದ್ದೆವು. ಏಳು ಪಂದ್ಯಗಳ ಫೈನಲ್, ಮೊದಲು ನಾಲ್ಕು ಗೆದ್ದವರಿಗೆ ಕಪ್. ಅದರಲ್ಲಿ ಮಯಾಮಿ ಹೀಟ್ ತಂಡದ ಮೇಲೆ ಸ್ಪರ್ಸ್ 3-2ರಿಂದ ಮುಂದಿತ್ತು. ಆರನೇ ಪಂದ್ಯ. ಇನ್ನು 28 ಸೆಕೆಂಡ್ ಉಳಿದಿದೆ, ಸ್ಪರ್ಸ್‌ಗೆ ಐದು ಪಾಯಿಂಟ್ ಮುನ್ನಡೆ. ಕಪ್ ಕೊಡುವ ಸಮಾರಂಭಕ್ಕೆಂದು ಕೋರ್ಟಿನ ಸುತ್ತ ಹಳದಿ ಹಗ್ಗ ಹಿಡಿದು ಜನ ಬಂದೇಬಿಟ್ಟಿದ್ದರು.

ಆಮೇಲೆ ಆದದ್ದು ನನಗೆ ಇಂದಿಗೂ ಒಂದೊಂದೇ ಕಣ್ಣ ಮುಂದಿದೆ. ಮಯಾಮಿಯ ಲೆಬ್ರಾನ್ ಜೇಮ್ಸ್ ಮೂರು ಪಾಯಿಂಟಿನ ಶಾಟ್ ಹಾಕಿದ. ಇತ್ತ ಸ್ಪರ್ಸ್‌ನ ಕವೈ ಲೆನಾರ್ಡ್, 21 ವರ್ಷದ ಹುಡುಗ, ಎರಡು ಫ್ರೀ ಥ್ರೋಗಳಲ್ಲಿ, ಅಂದರೆ ಯಾರೂ ಅಡ್ಡ ಬರದೆ ಎಸೆಯುವ ಒಂದೊಂದು ಪಾಯಿಂಟಿನ ಶಾಟ್‌ಗಳಲ್ಲಿ, ಒಂದನ್ನು ತಪ್ಪಿಸಿದ. ಮತ್ತೆ ಜೇಮ್ಸ್ ಎಸೆದ, ಅದು ತಪ್ಪಿತು. ಕ್ರಿಸ್ ಬಾಶ್ ರಿಬೌಂಡ್, ಅಂದರೆ ತಪ್ಪಿ ಪುಟಿದು ಬಂದ ಬಾಲ್, ಹಿಡಿದು ಮೂಲೆಗೆ ಪಾಸ್ ಕೊಟ್ಟ. ಅಲ್ಲಿ ರೇ ಆ್ಯಲನ್ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ, ಮೂರು ಪಾಯಿಂಟಿನ ಗೆರೆಯನ್ನು ನೋಡದೆಯೇ ಗೆರೆಯ ಹಿಂದೆ ಹೋಗಿ ನಿಂತು ಎಸೆದ, ಬಿತ್ತು. ಉಳಿದದ್ದು ಐದು ಸೆಕೆಂಡ್. ಸಮ. ಓವರ್‌ಟೈಮಿನಲ್ಲಿ 103-100, ಸ್ಪರ್ಸ್ ಸೋತಿತು. ಆ ರಿಬೌಂಡ್ ಹೊತ್ತಿಗೆ ಸ್ಪರ್ಸ್‌ನ ಅತಿ ದೊಡ್ಡ ಆಟಗಾರ ಟಿಮ್ ಡಂಕನ್ ಬೆಂಚಿನ ಮೇಲಿದ್ದ! ಕೋಚ್ ಗ್ರೆಗ್ ಪೊಪೊವಿಚ್ ಅವನನ್ನು ಕೂಡಿಸಿದ್ದರು. ಎರಡು ದಿನ ಬಿಟ್ಟು ಏಳನೇ ಪಂದ್ಯವೂ ಹೋಯಿತು. ರಿಂಗಿನ ಹತ್ತಿರದಿಂದಲೇ ಒಂದು ಶಾಟ್ ತಪ್ಪಿಸಿ ಡಂಕನ್ ಎರಡೂ ಅಂಗೈಯಿಂದ ನೆಲಕ್ಕೆ ಬಡಿದದ್ದು ನೋಡಿ ನಮ್ಮ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಚಹಾ ಹಾಗೇ ಆರಿಹೋಯಿತು.

ಇಷ್ಟಾದ ಮೇಲೆ ಯಾರಾದರೂ ಏನು ಮಾಡುತ್ತಾರೆ? ಅರ್ಧ ಟೀಮ್ ಬದಲಿಸುತ್ತಾರೆ. ಇಲ್ಲವೇ ಒಳ್ಳೆಯ ಐದು ಜನರನ್ನು ಇನ್ನೂ ಜಾಸ್ತಿ ದುಡಿಸುತ್ತಾರೆ, ಅಲ್ವಾ? ಪೊಪೊವಿಚ್ ಎರಡನ್ನೂ ಮಾಡಲಿಲ್ಲ. ಹೆಚ್ಚು ಕಡಿಮೆ ಅದೇ ತಂಡ ಉಳಿಯಿತು. ಹೊಸ ಸೀಸನ್ನಿನ ತರಬೇತಿ ಶುರುವಾದಾಗ ಎಲ್ಲರನ್ನೂ ಕೂಡಿಸಿ ಆ ಆರನೇ ಪಂದ್ಯದ ವಿಡಿಯೊ ತೋರಿಸಿದರು. ಆಮೇಲೆ ಮಾಡಿದ ಕೆಲಸವೇ ನಾನು ಇವತ್ತು ಹೇಳಬೇಕಾದದ್ದು.

ಎನ್‌ಬಿಎ ಪಂದ್ಯ 48 ನಿಮಿಷ. ಐದು ಜನ ಒಳಗೆ. ಅಂದರೆ ಒಂದು ತಂಡದ ಕೈಯಲ್ಲಿ ಹಂಚಲು ಇರುವುದು 240 ನಿಮಿಷ. ಆ ವರ್ಷ 82 ಪಂದ್ಯಗಳಲ್ಲಿ ಸ್ಪರ್ಸ್ 62 ಗೆದ್ದಿತು, ಇಡೀ ಲೀಗಿನಲ್ಲಿ ಎಲ್ಲರಿಗಿಂತ ಜಾಸ್ತಿ. ನಡುವೆ ಸತತ 19 ಗೆಲುವು. ಆದರೆ ಆ ತಂಡದ ಒಬ್ಬನೇ ಒಬ್ಬ ಆಟಗಾರನೂ ಪಂದ್ಯಕ್ಕೆ ಸರಾಸರಿ 30 ನಿಮಿಷ ಆಡಲಿಲ್ಲ! ಲೀಗಿನ ಇತಿಹಾಸದಲ್ಲಿ ಅದೇ ಮೊದಲು. ಡಂಕನ್‌ಗೆ ಆಗ 37 ದಾಟಿತ್ತು. ಮನು ಜಿನೋಬಿಲಿ ಅರ್ಜೆಂಟೀನಾಕ್ಕೆ ಒಲಿಂಪಿಕ್ ಚಿನ್ನ ಗೆಲ್ಲಿಸಿದವನು. ಅಂಥವನೇ ಪಂದ್ಯ ಶುರುವಾಗುವಾಗ ವರ್ಷಗಟ್ಟಲೆ ಬೆಂಚಿನಲ್ಲಿ ಕೂತ, ಆಮೇಲೆ ಇಳಿದ. ಫ್ರಾನ್ಸ್, ಬ್ರೆಜಿಲ್, ಇಟಲಿ, ಆಸ್ಟ್ರೇಲಿಯಾ, ಕೆನಡಾ ಹೀಗೆ ಎಲ್ಲೆಲ್ಲಿಂದಲೋ ಬಂದವರು, ಎಲ್ಲರಿಗೂ ಪಾಳಿ ಇತ್ತು.

ನಾನು ಕಾಲೇಜಿನಲ್ಲಿದ್ದಾಗ ಹುಬ್ಬಳ್ಳಿಯ ಒಂದು ಟೂರ್ನಮೆಂಟಿನಲ್ಲಿ ಮೂರು ದಿನ ಬೆಂಚಿನ ಮೇಲೆ ಕೂತಿದ್ದೆ. ಕೊನೇ ಪಂದ್ಯದಲ್ಲಿ ನಮ್ಮವರು ಸುಸ್ತಾಗಿ ಒಬ್ಬನ ಕಾಲು ಹಿಡಿದುಕೊಂಡಾಗ, ಎರಡು ನಿಮಿಷ ಉಳಿದಾಗ, ಹೋಗು ಅಂದರು. ಕೈ ತಣ್ಣಗಿತ್ತು. ಮೊದಲನೇ ಪಾಸೇ ಕೈ ಜಾರಿತು. ಆಡದೇ ಕೂತವನ ಕೈಗೆ ಬಾಲ್ ಎಷ್ಟು ಭಾರ ಅಂತ ಆ ದಿನ ತಿಳಿಯಿತು.

ಸ್ಪರ್ಸ್‌ನಲ್ಲಿ ಆ ತಣ್ಣನೆ ಕೈ ಯಾರದೂ ಇರಲಿಲ್ಲ. ಅವರ ಪಾಸ್ ನೋಡಿ, ಮಕ್ಕಳೇ. ಟೋನಿ ಪಾರ್ಕರ್ ಡ್ರಿಬಲ್ ಮಾಡುತ್ತಾ ರಿಂಗಿನ ಕೆಳಗೆ ನುಗ್ಗುತ್ತಾನೆ, ಎದುರಾಳಿ ಇಬ್ಬರು ಅವನ ಮೇಲೆ ಬೀಳುತ್ತಾರೆ. ಅಷ್ಟರಲ್ಲಿ ಬಾಲ್ ಬೋರಿಸ್ ಡಿಯಾವ್ ಕೈಗೆ, ಅವನಿಂದ ಮೂಲೆಯ ಡ್ಯಾನಿ ಗ್ರೀನ್‌ಗೆ. ಗ್ರೀನ್ ಎಸೆಯಬಹುದು. ಆದರೆ ಪಕ್ಕದವನ ಮುಂದೆ ಯಾರೂ ಇಲ್ಲ, ಅವನಿಗೆ ಕೊಡುತ್ತಾನೆ. ಬಾಲ್ ಕೈಗೆ ಬಂದ ಅರ್ಧ ಸೆಕೆಂಡಿನಲ್ಲಿ ಎಸೆಯಬೇಕು, ಪಾಸ್ ಕೊಡಬೇಕು ಇಲ್ಲವೇ ನುಗ್ಗಬೇಕು, ಸುಮ್ನೆ ಹಿಡಿದು ನಿಲ್ಲುವ ಹಾಗಿಲ್ಲ. ನಿನ್ನೆ ನಾವು ಮಾಡಿದ ಡ್ರಿಲ್ ಅದೇ.

ಲೀಗ್ ಮುಗಿದ ಮೇಲಿನ ನಾಕೌಟ್ ಸುತ್ತುಗಳು, ಅಂದರೆ ಪ್ಲೇಆಫ್, ಸುಲಭ ಇರಲಿಲ್ಲ. ಮೊದಲ ಸುತ್ತಿನಲ್ಲೇ ಡಲ್ಲಾಸ್ ಇವರನ್ನು ಏಳನೇ ಪಂದ್ಯದ ತನಕ ಎಳೆಯಿತು. ಒಕ್ಲಹೋಮಾ ಸಿಟಿ ಎದುರಿನ ಆರನೇ ಪಂದ್ಯದಲ್ಲಿ ಪಾರ್ಕರ್‌ಗೆ ಪಾದದ ಕೀಲು ನೋವು, ದ್ವಿತೀಯಾರ್ಧಕ್ಕೆ ಇಳಿಯಲೇ ಇಲ್ಲ. ಬೇರೆ ತಂಡವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಕೋರಿ ಜೋಸೆಫ್ ಇಳಿದ, ಬೆಂಚಿನಿಂದ ಬಂದ ಡಿಯಾವ್ 26 ಪಾಯಿಂಟ್ ಹಾಕಿದ. ಎರಡು ವರ್ಷದ ಹಿಂದೆ ಇನ್ನೊಂದು ತಂಡ ಬೇಡ ಅಂತ ಬಿಟ್ಟುಕೊಟ್ಟ ಮನುಷ್ಯ ಇವನು. ಓವರ್‌ಟೈಮಿನಲ್ಲಿ ಗೆದ್ದು ಫೈನಲ್‌ಗೆ ಬಂದರು. ಎದುರಿಗೆ ಮತ್ತೆ ಅದೇ ಮಯಾಮಿ.

ಮೂರನೇ ಪಂದ್ಯದ ಮೊದಲರ್ಧದಲ್ಲಿ ಸ್ಪರ್ಸ್ 33 ಶಾಟ್ ಎಸೆದು 25 ಹಾಕಿತು. ಇಲ್ಲಿ ಖಾಲಿ ಕೋರ್ಟಿನಲ್ಲಿ, ಎದುರಿಗೆ ಯಾರೂ ಇಲ್ಲದೆ, 33ಕ್ಕೆ 25 ಹಾಕಿ ನೋಡಿ! ಐದನೇ ಪಂದ್ಯದಲ್ಲಿ ಮೊದಲಿಗೆ 22-6ರಿಂದ ಹಿಂದೆ ಬಿದ್ದರೂ ಯಾರ ಮುಖದಲ್ಲೂ ಗಾಬರಿ ಇರಲಿಲ್ಲ. ಬೆಂಚಿನಿಂದ ಬಂದ ಪ್ಯಾಟಿ ಮಿಲ್ಸ್ 17 ಪಾಯಿಂಟ್ ಹಾಕಿದ, 104-87ಕ್ಕೆ ಮುಗಿಯಿತು, ಸರಣಿ 4-1. ಫೈನಲ್‌ನ ಶ್ರೇಷ್ಠ ಆಟಗಾರ ಯಾರು ಗೊತ್ತಾ? ಹಿಂದಿನ ವರ್ಷ ಫ್ರೀ ಥ್ರೋ ತಪ್ಪಿಸಿದ ಅದೇ ಹುಡುಗ ಲೆನಾರ್ಡ್. ಆ ತಪ್ಪಿಗೆ ಅವನನ್ನು ಯಾರೂ ಮೂಲೆಗೆ ತಳ್ಳಿರಲಿಲ್ಲ.

ಈಗ ನಮ್ಮ ಪಂದ್ಯ. ಎಂಟು ನಿಮಿಷದ ನಾಲ್ಕು ಕ್ವಾರ್ಟರ್, ಅಂದರೆ ಪ್ರತಿ ತಂಡಕ್ಕೆ 160 ನಿಮಿಷ. ಹತ್ತು ಮಕ್ಕಳು, ತಲೆಗೆ ಹದಿನಾರು. ಪಾಳಿ ಚೀಟಿ ಸ್ಕೋರ್ ಬೋರ್ಡಿನ ಪಕ್ಕ ಅಂಟಿಸಿದ್ದೇನೆ, ಪಾಲಕರೂ ನೋಡಿಕೊಳ್ಳಬಹುದು. ಗಡಿಯಾರ ನನ್ನ ಕೈಯಲ್ಲಿರುತ್ತದೆ. ಮೊದಲ ಐದು ಜನ ಶೂ ಲೇಸ್ ಬಿಗಿ ಮಾಡಿಕೊಳ್ಳಿ. ಬೆಂಚಿನವರೂ ಈಗಲೇ ಮಾಡಿಕೊಳ್ಳಿ, ಎಂಟೇ ನಿಮಿಷಕ್ಕೆ ಕರೆಯುತ್ತೇನೆ.