ಸಿಗ್ನಲ್ ಕುಸಿದಾಗ ಫೋನ್ ಎಲ್ಲಿರಬೇಕು?

ಕೇಳುಗರೇ, ನಮಸ್ಕಾರ.

ಮೊಬೈಲ್ ಫೋನಿನಲ್ಲಿ ರೇಡಿಯೋ ತರಂಗ ಹೊರಡುವುದು ಒಂದೇ ಕಡೆಯಿಂದಲ್ಲ. ಟವರ್ ಜೊತೆ ಸಂಪರ್ಕ ಇಟ್ಟುಕೊಳ್ಳುವ ಟ್ರಾನ್ಸ್‌ಮಿಟರ್ ಇದೆ, ವೈಫೈ ಇದೆ, ಬ್ಲೂಟೂತ್ ಇದೆ. ಜಿಪಿಎಸ್ ಮೇಲೆ ಗುಮಾನಿ ಬೇಡ. ಉಪಗ್ರಹದ ಸಂಕೇತವನ್ನು ಹಿಡಿಯುವುದಷ್ಟೇ ಅದರ ಕೆಲಸ, ತಾನೇನೂ ಕಳಿಸುವುದಿಲ್ಲ.

ಇವುಗಳಲ್ಲಿ ಜೋರು ಟವರ್ ಕಡೆಯದು. 4ಜಿ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 0.2 ವ್ಯಾಟ್. 900 ಮೆಗಾಹರ್ಟ್ಸ್‌ನ 2ಜಿ ಫೋನು 2 ವ್ಯಾಟ್‌ವರೆಗೆ ಏರುತ್ತದೆ. ಆದರೆ ಕರೆಯಲ್ಲಿ ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ ಕಳಿಸುವುದರಿಂದ ಸರಾಸರಿ ಕಾಲು ವ್ಯಾಟ್. ಬ್ಲೂಟೂತ್ ಇಯರ್‌ಫೋನಿನದು ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್.

ಫೋನು ಸದಾ ಗರಿಷ್ಠ ಶಕ್ತಿಯಲ್ಲೇ ಇರುವುದಿಲ್ಲ. ಸಿಗ್ನಲ್ ಚೆನ್ನಾಗಿದ್ದರೆ ನೂರರಲ್ಲಿ ಒಂದು ಪಾಲಿಗೂ ಇಳಿಯಬಹುದು. ಲಿಫ್ಟ್, ನೆಲಮಾಳಿಗೆ, ಓಡುವ ವಾಹನದಲ್ಲಿ ಕಡ್ಡಿಗಳು ಒಂದೋ ಎರಡೋ ಉಳಿದಾಗ ಟವರ್‌ಗೆ ತಲುಪಲೆಂದು ಜೋರು ಮಾಡುತ್ತದೆ. ಅಲ್ಲಿ ಬ್ಯಾಟರಿ ಬೇಗ ಇಳಿಯುವುದಕ್ಕೆ ಇದೂ ಕಾರಣ. ಉದ್ದದ ಮಾತನ್ನು ಸಿಗ್ನಲ್ ಸಿಗುವ ಜಾಗಕ್ಕೆ ಮುಂದೂಡಿ. ಆಗದಿದ್ದರೆ ಸ್ಪೀಕರ್ ಹಾಕಿ ಇಲ್ಲವೇ ಇಯರ್‌ಫೋನ್ ಬಳಸಿ. ಕಿವಿಯಿಂದ ಒಂದು ಗೇಣು ದೂರವಾದರೂ ತಲೆಗೆ ತಾಗುವ ಪ್ರಮಾಣ ಬಹಳ ಇಳಿಯುತ್ತದೆ. ದೊಡ್ಡ ವಿಡಿಯೋ ಕಳಿಸುವಾಗ ಫೋನು ಮೇಜಿನ ಮೇಲಿರಲಿ, ಜೇಬಿನಲ್ಲಿ ಬೇಡ.

ಅನೇಕರು ಎಸ್‌ಎಆರ್ ಅಂಕಿ, ಅಂದರೆ ಫೋನಿನ ತರಂಗದಿಂದ ದೇಹ ಹೀರಿಕೊಳ್ಳುವ ಶಕ್ತಿಯ ಅಳತೆ, ನೋಡಿ ಫೋನ್ ಕೊಳ್ಳುತ್ತಾರೆ. ಹಲವು ಫೋನ್‌ಗಳಲ್ಲಿ ಸ್ಟಾರ್, ಹ್ಯಾಶ್, 07, ಹ್ಯಾಶ್ ಒತ್ತಿದರೆ ಅದು ಕಾಣಿಸುತ್ತದೆ. ಭಾರತ, ಅಮೆರಿಕಗಳಲ್ಲಿ ತಲೆಗೆ ಮಿತಿ ಕಿಲೋಗೆ 1.6 ವ್ಯಾಟ್, 1 ಗ್ರಾಂ ಅಂಗಾಂಶದ ಸರಾಸರಿ. ಯುರೋಪಿನಲ್ಲಿ 2 ವ್ಯಾಟ್, 10 ಗ್ರಾಂ ಸರಾಸರಿ. ಅಳೆಯುವುದು ಗರಿಷ್ಠ ಶಕ್ತಿಯಲ್ಲಿ. ಆದ್ದರಿಂದ 0.9ರ ಫೋನು ದಿನಬಳಕೆಯಲ್ಲಿ 1.2ರದಕ್ಕಿಂತ ಕಡಿಮೆ ಹೊರಡಿಸುತ್ತದೆ ಎನ್ನಲಾಗದು. ದೇಹಕ್ಕೆ ತಾಗುವ ಪ್ರಮಾಣ ಅಳೆಯುವಾಗ ಫೋನಿಗೂ ದೇಹಕ್ಕೂ ನಡುವೆ ಕೆಲವು ಮಿಲಿಮೀಟರ್ ಅಂತರ ಬಿಡುವುದುಂಟು. ಎಷ್ಟೆಂದು ಕೈಪಿಡಿಯಲ್ಲಿ ನೋಡಿ.

ವಿಕಿರಣ ತಡೆಯುತ್ತದೆಂದು ಮಾರುವ ಸ್ಟಿಕ್ಕರ್‌ಗೆ ದುಡ್ಡು ಹಾಕಬೇಡಿ. ಆಂಟೆನಾಕ್ಕೆ ಅದು ಅಡ್ಡಿಯಾಗದಿದ್ದರೆ ಪ್ರಯೋಜನವೇ ಇಲ್ಲ. ಅಡ್ಡಿಯಾದರೆ ಫೋನು ಇನ್ನೂ ಜೋರು ಮಾಡುತ್ತದೆ. ಲೋಹದ ಕವಚದ್ದೂ ಇದೇ ಕಥೆ.

ಗಾಬರಿಗೆ ಕಾರಣವಿಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಅಂಗಾಂಶ ತುಸು ಬಿಸಿಯಾಗುವುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಈ ತರಂಗಗಳನ್ನು 2ಬಿ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದವುಗಳ ಪಟ್ಟಿಗೆ, ಸೇರಿಸಿತು. ಸಾಧ್ಯತೆ ಎಂದರೆ ಸಾಬೀತಾಗಿದೆ ಎಂದಲ್ಲ.

ಮಲಗುವಾಗ ಏರ್‌ಪ್ಲೇನ್ ಮೋಡ್ ಹಾಕುವವರು ಪರದೆಯ ಮೇಲ್ತುದಿಯನ್ನೊಮ್ಮೆ ನೋಡಿ. ಕೆಲವು ಫೋನ್‌ಗಳಲ್ಲಿ ವೈಫೈ, ಬ್ಲೂಟೂತ್ ಆಗಲೂ ಚಾಲೂ ಇರುತ್ತವೆ. ಅವನ್ನು ಬೇರೆಯಾಗಿ ಆರಿಸಬೇಕು.