ಚಿನ್ನದ ಕೊಂಬು, ಕಳ್ಳ ವರಾಹ

ಕೇಳುಗರಿಗೆ ನಮಸ್ಕಾರ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ನಮ್ಮಲ್ಲಿ ಒಂದು ಗಾದೆ ಇದೆ. ಚಿನ್ನದ ಕೆಲಸ ಮಾಡುವವರು ಇದನ್ನು ಕೇಳಿದರೆ ಮುಖ ಸಿಂಡರಿಸುತ್ತಾರೆ. ಸಿಂಡರಿಸುವುದು ನ್ಯಾಯವೇ. ಇವತ್ತು ನಾನು ಹೇಳಹೊರಟಿರುವುದು ಡೆನ್ಮಾರ್ಕಿನ ಒಂದು ಕಥೆ. ಇದರಲ್ಲಿ ಕದ್ದವನೂ ಅಕ್ಕಸಾಲಿ, ಅವನನ್ನು ಹಿಡಿದುಕೊಟ್ಟವರೂ ಅಕ್ಕಸಾಲಿಗಳೇ. ಹಾಗಾಗಿ ಗಾದೆಯ ತೀರ್ಮಾನ ನಿಮಗೇ ಬಿಟ್ಟೆ.

1639ನೇ ಇಸವಿ, ಜುಲೈ 20. ಡೆನ್ಮಾರ್ಕಿನ ದಕ್ಷಿಣ ತುದಿಯಲ್ಲಿ, ಟೋಂಡರ್ ಅನ್ನುವ ಪೇಟೆಯ ಹತ್ತಿರ, ಗಲ್ಲೆಹುಸ್ ಅಂತ ಒಂದು ಸಣ್ಣ ಹಳ್ಳಿ. ಅಲ್ಲಿ ಕಿರ್‌ಸ್ಟೆನ್ ಸ್ವೆನ್ಸ್‌ಡಾಟರ್ ಅನ್ನುವ ಹುಡುಗಿ ನಡೆದು ಹೋಗುತ್ತಿದ್ದಳು. ಸ್ವೆನ್ಸ್‌ಡಾಟರ್ ಅಂದರೆ ಸ್ವೆನ್ನನ ಮಗಳು, ಅಷ್ಟೇ. ಆ ಕಾಲದ ಡೆನ್ಮಾರ್ಕಿನ ಹಳ್ಳಿ ಜನಕ್ಕೆ ಮನೆತನದ ಹೆಸರು ಅಂತ ಇರಲಿಲ್ಲ. ನಮ್ಮ ಇನಿಶಿಯಲ್ ಹಾಗೆ ಅಪ್ಪನ ಹೆಸರೇ ಗುರುತು.

ಕಿರ್‌ಸ್ಟೆನ್ ಲೇಸು ಹೆಣೆಯುವವಳು. ಟೋಂಡರ್ ಸೀಮೆಯ ಲೇಸು ಮುಂದೆ ಬಹಳ ಹೆಸರು ಮಾಡಿತು. ಆ ಕೆಲಸ ಹೇಗೆ ಅಂತ ಸ್ವಲ್ಪ ಹೇಳಬೇಕು. ಗಟ್ಟಿಯಾಗಿ ತುಂಬಿದ ಒಂದು ದಿಂಬು. ಅದರ ಮೇಲೆ ಚಿತ್ರದ ಪ್ರಕಾರ ತೂತು ಚುಚ್ಚಿದ ಹಾಳೆ. ತೂತಿಗೊಂದರಂತೆ ಗುಂಡುಸೂಜಿ. ಅಗಸೆ ನಾರಿನಿಂದ ತೆಗೆದ, ಕೂದಲಿನಷ್ಟು ತೆಳ್ಳಗಿನ ದಾರ. ಪ್ರತಿ ದಾರದ ತುದಿಗೂ ಬೆರಳುದ್ದದ ಒಂದು ಮರದ ಕಡ್ಡಿ. ಇಂಥ ಕಡ್ಡಿಗಳು ಡಜನ್‌ಗಟ್ಟಲೆ ದಿಂಬಿನಿಂದ ಜೋತಾಡುತ್ತಿರುತ್ತವೆ. ಎರಡು ಈ ಕೈಗೆ, ಎರಡು ಆ ಕೈಗೆ ತೆಗೆದುಕೊಳ್ಳುವುದು. ದಾಟಿಸುವುದು, ಹೊಸೆಯುವುದು, ಸೂಜಿ ಚುಚ್ಚುವುದು, ಮುಂದಿನ ನಾಲ್ಕಕ್ಕೆ ಹೋಗುವುದು. ಮಲ್ಲಿಗೆ ಕಟ್ಟುವ ಕೈ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಓಟ. ಆದರೆ ಇಲ್ಲಿ ಇಡೀ ದಿನ ಕೂತರೂ ಬೆರಳಗಲದ ಪಟ್ಟಿ ಸ್ವಲ್ಪವೇ ಸ್ವಲ್ಪ ಉದ್ದವಾಗುತ್ತದೆ. ಹಾಕಿಕೊಳ್ಳುವವರು ದೊಡ್ಡ ಮನೆಯ ಜನ, ಕಣ್ಣು ಕಳೆದುಕೊಳ್ಳುವವರು ಹೆಣೆಯುವವರು.

ಇರಲಿ. ಕಿರ್‌ಸ್ಟೆನ್ ಹೋಗುವ ದಾರಿಯಲ್ಲಿ ನೆಲದಿಂದ ಏನೋ ಚಾಚಿಕೊಂಡಿತ್ತು. ಎಡವಿದಳು ಅಂತಲೂ ಹೇಳುತ್ತಾರೆ. ಮಣ್ಣು ಬಿಡಿಸಿ ತೆಗೆದರೆ ಒಂದು ಕೊಂಬು. ಎತ್ತಿನದಲ್ಲ, ಜಿಂಕೆಯದಲ್ಲ. ಚಿನ್ನದ್ದು! ಬಾಗಿದ ಬೆನ್ನಿನ ಮೇಲೆ ಅಳೆದರೆ 75 ಸೆಂಟಿಮೀಟರಿಗಿಂತ ಉದ್ದ. ಮೈ ತುಂಬ ಚಿತ್ರ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಉತ್ತರ ಬೇಡ, ರೇಡಿಯೋದಲ್ಲಿ ನನಗೆ ಕೇಳಿಸುವುದಿಲ್ಲ. ಡೆನ್ಮಾರ್ಕಿನ ಕಾನೂನಂತೂ ಸ್ಪಷ್ಟವಾಗಿತ್ತು. 1241ರ ಹಳೆಯ ಕಟ್ಟಳೆಯ ಪ್ರಕಾರ ಮಣ್ಣಿನಲ್ಲಿ ಸಿಕ್ಕ, ವಾರಸುದಾರರಿಲ್ಲದ ಚಿನ್ನ ಬೆಳ್ಳಿ ರಾಜನಿಗೆ ಸೇರಬೇಕು. ಈ ಪದ್ಧತಿ ಅಲ್ಲಿ ಇವತ್ತಿಗೂ ಇದೆ. ರಾಜನ ಬದಲು ಸರ್ಕಾರ, ಮತ್ತು ಸಿಕ್ಕಿದವರಿಗೆ ಬಹುಮಾನ. ಹೀಗೆ ಲೇಸು ಹೆಣೆಯುವ ಹುಡುಗಿಯ ಕೊಂಬು ರಾಜ ನಾಲ್ಕನೇ ಕ್ರಿಶ್ಚಿಯನ್ನನ ಕೈ ಸೇರಿತು.

ಈ ರಾಜನಿಗೆ ಕಟ್ಟಡ ಕಟ್ಟಿಸುವ ಹುಚ್ಚು. ಆ ಹೊತ್ತಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಅವನ ದುಂಡುಗೋಪುರ ಏಳುತ್ತಿತ್ತು. ನೆತ್ತಿಯ ಮೇಲೆ ನಕ್ಷತ್ರ ನೋಡುವ ಜಾಗ. ಹೆಚ್ಚುಕಡಿಮೆ ಮೇಲಿನ ತನಕ ಮೆಟ್ಟಿಲಿನ ಬದಲು ಸುತ್ತಿಕೊಂಡು ಹೋಗುವ ಇಳಿಜಾರು ದಾರಿ. 1716ರಲ್ಲಿ ರಷ್ಯಾದ ದೊರೆ ಪೀಟರ್ ಅಲ್ಲಿ ಕುದುರೆ ಮೇಲೆಯೇ ಹತ್ತಿದನಂತೆ. ಇಂಥ ರಾಜ ಕೊಂಬನ್ನು ತಾನು ಇಟ್ಟುಕೊಳ್ಳಲಿಲ್ಲ, ಯುವರಾಜನಾಗಿದ್ದ ಮಗನಿಗೆ ಕೊಟ್ಟ. ಮಗ ಏನು ಮಾಡಿದ? ಸಣ್ಣ ತುದಿಗೆ ಬಿರಡೆ ಹಾಕಿಸಿ ಕುಡಿಯುವ ಪಾತ್ರೆ ಮಾಡಿಕೊಂಡ. ಸುಮಾರು ಸಾವಿರದ ಇನ್ನೂರು ವರ್ಷ ಹಳೆಯ ವಸ್ತು! ಆದರೆ ಅವನನ್ನು ಬೈದು ಏನು ಪ್ರಯೋಜನ, ಅದು ಅಷ್ಟು ಹಳೆಯದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಈ ಯುವರಾಜ ಅಪ್ಪನಿಗಿಂತ ಮೊದಲೇ, 1647ರಲ್ಲಿ ತೀರಿಕೊಂಡ. ಪಟ್ಟಕ್ಕೆ ಬರಲೇ ಇಲ್ಲ.

ಇಲ್ಲಿ ಕಥೆಗೆ ಒಬ್ಬ ಡಾಕ್ಟರು ಬರುತ್ತಾರೆ. ಓಲೆ ವರ್ಮ್. 1588ರಲ್ಲಿ ಆರ್ಹುಸ್ ಊರಿನಲ್ಲಿ ಹುಟ್ಟಿದವರು. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಮೊದಲು ಲ್ಯಾಟಿನ್, ಆಮೇಲೆ ಗ್ರೀಕ್, ಕೊನೆಗೆ ವೈದ್ಯ ಕಲಿಸಿದರು. ರಾಜನ ವೈದ್ಯರೂ ಹೌದು. ಆದರೆ ಅವರ ಜೀವ ಇದ್ದದ್ದು ಕಲ್ಲಿನ ಮೇಲಿನ ಬರಹದಲ್ಲಿ. ರೂನ್ ಅಂತ ಆ ಕಡೆಯ ಹಳೆಯ ಲಿಪಿ. ಕಲ್ಲಿನಲ್ಲಿ, ಮರದಲ್ಲಿ ಕೊರೆಯಲು ಸುಲಭವಾಗಲಿ ಅಂತ ಎಲ್ಲ ನೇರ ಗೀಟುಗಳು. ಊರೂರಿನ ಪಾದ್ರಿಗಳು ತಮ್ಮ ಸೀಮೆಯ ಹಳೆಯ ಕಲ್ಲು, ಗುಡ್ಡೆ, ಬರಹಗಳ ವಿವರ ಬರೆದು ಕಳಿಸಬೇಕು ಅಂತ ರಾಜಾಜ್ಞೆಯೇ ಹೊರಟಿತ್ತು. ಹಾಗೆ ಬಂದ ಚಿತ್ರ, ಟಿಪ್ಪಣಿಗಳನ್ನೆಲ್ಲ ಸೇರಿಸಿ ವರ್ಮ್ 1643ರಲ್ಲಿ ದೊಡ್ಡ ಪುಸ್ತಕ ಅಚ್ಚು ಹಾಕಿಸಿದರು. ಆಮೇಲೆ ಎಷ್ಟೋ ಕಲ್ಲುಗಳು ಕಾಣೆಯಾದವು. ಇವತ್ತು ಅವುಗಳ ಬರಹ ಓದಬೇಕೆಂದರೆ ಅದೇ ಪುಸ್ತಕ ಗತಿ.

ವರ್ಮ್ ಅವರ ಸಂಗ್ರಹ ಒಂದು ಕೋಣೆಯಲ್ಲಿತ್ತು. ಅವರು ತೀರಿಕೊಂಡದ್ದು 1654ರಲ್ಲಿ, ಮರುವರ್ಷ ಆ ಸಂಗ್ರಹದ ಪಟ್ಟಿ ಅಚ್ಚಾಯಿತು. ಮೊದಲಲ್ಲೇ ಕೋಣೆಯ ಚಿತ್ರ ಇದೆ. ಚಾವಣಿಯಿಂದ ಒಣ ಮೀನು, ಉತ್ತರದ ಜನರ ಚರ್ಮದ ದೋಣಿ ತೂಗುತ್ತಿವೆ. ಗೋಡೆಗೆ ಆಮೆ ಚಿಪ್ಪು, ಕೊಂಬು. ಕೆಳಗೆ ಸಾಲು ಸಾಲು ಪೆಟ್ಟಿಗೆ, ಒಂದೊಂದಕ್ಕೂ ಚೀಟಿ. ನೋಡಿದರೆ ಯಾರದೋ ಮನೆಯ ಅಟ್ಟ ಅನ್ನಿಸುತ್ತದೆ. ಆದರೆ ಇದು ಸುಮ್ನೆ ರಾಶಿ ಹಾಕಿದ್ದಲ್ಲ. ಪುಸ್ತಕದಲ್ಲಿ ಓದಿದ್ದನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡಲಿ ಅಂತ. ಅವರು ಒಂದು ಸಮುದ್ರಪಕ್ಷಿಯನ್ನೂ ಸಾಕಿದ್ದರು. ಗ್ರೇಟ್ ಆಕ್ ಅಂತ, ಹಾರಲಾರದ ದೊಡ್ಡ ಹಕ್ಕಿ. ಆ ಜಾತಿ 19ನೇ ಶತಮಾನದಲ್ಲಿ ಪೂರ್ತಿ ನಾಶವಾಯಿತು. ವರ್ಮ್ ತಮ್ಮ ಹಕ್ಕಿಯ ಚಿತ್ರವನ್ನೂ ಬರೆಸಿಟ್ಟಿದ್ದರು.

ಒಂಟಿಕೊಂಬಿನ ಕುದುರೆ ವಿಷಯ ಹೇಳದೆ ಮುಂದೆ ಹೋಗಲಾರೆ. ಆಗಿನ ಯುರೋಪಿನಲ್ಲಿ ಆ ಪ್ರಾಣಿಯ ಕೊಂಬು ವಿಷಕ್ಕೆ ಮದ್ದು ಅಂತ ನಂಬಿಕೆ, ಅದಕ್ಕೆ ಬಾಯಿಗೆ ಬಂದ ಬೆಲೆ. ವರ್ಮ್ ಕೈಗೆ ಒಂದು ತಲೆಬುರುಡೆ ಸಿಕ್ಕಿತು, ಕೊಂಬು ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು. ನೋಡಿದರೆ ಕುದುರೆಯೂ ಅಲ್ಲ, ಕೊಂಬೂ ಅಲ್ಲ. ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿರುವ ನಾರ್ವಾಲ್ ಅನ್ನುವ ತಿಮಿಂಗಿಲದ ಹಲ್ಲು. 1638ರಲ್ಲಿ ಇದನ್ನು ಎಲ್ಲರ ಮುಂದೆ ತೋರಿಸಿದರು. ಸರಿ, ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಇಲ್ಲ. 1660ರ ದಶಕದಲ್ಲಿ ಡೆನ್ಮಾರ್ಕಿನ ರಾಜರು ಹೊಸ ಸಿಂಹಾಸನ ಮಾಡಿಸಿದರು. ಯಾವುದರಿಂದ? ಅದೇ ಹಲ್ಲುಗಳಿಂದ. ಅದು ಇವತ್ತಿಗೂ ರೋಸೆನ್‌ಬೋರ್ಗ್ ಅರಮನೆಯಲ್ಲಿದೆ. ಹಲ್ಲು ಅಂತ ತಿಳಿದ ಮೇಲೂ ಕೊಂಬಿನ ಗತ್ತು ಬಿಡಲು ಮನಸ್ಸಾಗಲಿಲ್ಲ, ಅಷ್ಟೇ.

ಇನ್ನು ಚಿನ್ನದ ಕೊಂಬು. ಅದರ ಬಗ್ಗೆ ವರ್ಮ್ 1641ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇದು ಹಳೆಯ ಕಾಲದ ಯುದ್ಧದ ಕಹಳೆ, ಮೇಲಿನ ಚಿತ್ರಗಳು ಒಳ್ಳೆಯ ನಡತೆ ಕಲಿಸುವುದಕ್ಕೆ ಅಂತ ಅವರ ವಾದ. ಆ ವಾದವನ್ನು ಈಗ ಯಾರೂ ಒಪ್ಪುವುದಿಲ್ಲ. ಆದರೆ ಪುಸ್ತಕದಲ್ಲಿ ಕೊಂಬಿನ ಚಿತ್ರ ಹಾಕಿಸಿದ್ದರು. ಹಾವು, ಮೀನು, ನಕ್ಷತ್ರ, ಆಯುಧ ಹಿಡಿದ ಬೆತ್ತಲೆ ಮನುಷ್ಯರು, ಎಲ್ಲ ಸಾಲಾಗಿ. ಈ ಚಿತ್ರವನ್ನು ನೆನಪಿಟ್ಟುಕೊಂಡಿರಿ.

ಸುಮಾರು ನೂರು ವರ್ಷ ಕಳೆಯಿತು. 1734ರ ಏಪ್ರಿಲ್ 21. ಅದೇ ಗಲ್ಲೆಹುಸ್. ಎರಿಕ್ ಲಾಸೆನ್ ಅನ್ನುವವನಿಗೆ ಮಣ್ಣು ಅಗೆಯುವಾಗ ಇನ್ನೊಂದು ಕೊಂಬು ಸಿಕ್ಕಿತು, ಕಿರ್‌ಸ್ಟೆನ್‌ಗೆ ಸಿಕ್ಕ ಜಾಗಕ್ಕೆ ಹತ್ತಿರದಲ್ಲೇ. ಇದು ಮೊದಲಿನದಕ್ಕಿಂತ ಗಿಡ್ಡ, ತುದಿ ಮುರಿದಿತ್ತು. ಅವನು ಊರಿನ ಜಹಗೀರುದಾರನಿಗೆ ಕೊಟ್ಟ, ಆತ ರಾಜನಿಗೆ ಕೊಟ್ಟ. ಡೆನ್ಮಾರ್ಕಿನ ಆಗಿನ ಹಣದಲ್ಲಿ 200 ರಿಗ್ಸ್‌ಡಾಲರ್ ಇನಾಮು ಬಂತು. ಎರಡೂ ಕೊಂಬು ಸೇರಿ ಆರು ಕಿಲೋಗಿಂತ ಜಾಸ್ತಿ.

ಕೆಲಸದ ಬಗೆ ಕೇಳಿ. ಒಳಗೆ ಬೆಳ್ಳಿ ಬೆರೆತ ಚಿನ್ನದ ಕೊಳವೆ. ಅದರ ಮೇಲೆ ಬಳೆ ತೊಡಿಸಿದ ಹಾಗೆ ಅಗಲವಾದ ಪಟ್ಟಿಗಳು, ಅವು ಹೆಚ್ಚು ಅಪ್ಪಟ ಚಿನ್ನ. ಆ ಪಟ್ಟಿಗಳ ಮೇಲೆ ಕೆಲವು ಗೊಂಬೆಗಳನ್ನು ಬೇರೆಯಾಗಿ ಮಾಡಿ ಬೆಸುಗೆ ಹಾಕಿದ್ದು, ಕೆಲವನ್ನು ಮೊಳೆಯಿಂದ ಕುಟ್ಟಿ ಮೂಡಿಸಿದ್ದು. ಬೆಸುಗೆಯ ಕಷ್ಟ ಚಿನ್ನದ ಕೆಲಸದವರನ್ನು ಕೇಳಬೇಕು. ಬಿಸಿ ಒಂದಿಷ್ಟು ಹೆಚ್ಚಾದರೆ ಗೊಂಬೆಯೇ ಕರಗಿ ಹೋಗುತ್ತದೆ. ಇದನ್ನು ಮಾಡಿದವನು 5ನೇ ಶತಮಾನದ ಆರಂಭದವನು. ಗಿಡ್ಡ ಕೊಂಬಿನ ಬಾಯಿಯ ಸುತ್ತ ರೂನ್ ಲಿಪಿಯಲ್ಲಿ ಒಂದು ಸಾಲು ಕೊರೆದಿತ್ತು. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಎರಡೂ ಕೊಂಬುಗಳನ್ನು ಕೋಪನ್‌ಹೇಗನ್ನಿನ ರಾಜರ ಕುನ್‌ಸ್ಟ್‌ಕಾಮರ್‌ನಲ್ಲಿ, ಅಂದರೆ ವಿಚಿತ್ರ ವಸ್ತುಗಳ ಸಂಗ್ರಹದಲ್ಲಿ ಇಟ್ಟರು. ವರ್ಮ್ ಅವರ ಪೆಟ್ಟಿಗೆಗಳೂ ಕೊನೆಗೆ ಬಂದು ಸೇರಿದ್ದು ಅಲ್ಲಿಗೇ. ಜನ ಹೋಗಿ ನೋಡಬಹುದಿತ್ತು.

ಹಾಗೆ ನೋಡಿದವರಲ್ಲಿ ನೀಲ್ಸ್ ಹೈಡೆನ್‌ರೈಖ್ ಒಬ್ಬ. ಕಸುಬು ಚಿನ್ನದ ಕೆಲಸ, ಗಡಿಯಾರ ರಿಪೇರಿ. ಖೋಟಾ ಕೆಲಸಕ್ಕೆ ಮೊದಲೇ ಒಂದು ಸಲ ಶಿಕ್ಷೆ ಆಗಿತ್ತು. ಕಳ್ಳ ಕೀಲಿಕೈ ಮಾಡಿಕೊಂಡು 1802ರ ಮೇ 4ರಂದು ಒಳಗೆ ನುಗ್ಗಿದ. ಕೊಂಬುಗಳನ್ನು ಹೊತ್ತುಕೊಂಡು ಮನೆಗೆ ಹೋದ. ಕರಗಿಸಿದ. ಹನ್ನೆರಡು ಹದಿಮೂರು ಶತಮಾನ ಮಣ್ಣು ಕಾಪಾಡಿದ್ದು ಒಂದು ಮೂಸೆಯಲ್ಲಿ ಮುಗಿದುಹೋಯಿತು.

ಮಾರನೇ ದಿನ ವಿಷಯ ಗೊತ್ತಾಯಿತು. ಪತ್ರಿಕೆಗಳಲ್ಲಿ 1,000 ರಿಗ್ಸ್‌ಡಾಲರ್ ಬಹುಮಾನ ಸಾರಿದರು. ತಿಂಗಳುಗಟ್ಟಲೆ ಸುಳಿವಿಲ್ಲ. ಸುಳಿವು ಎಲ್ಲಿಂದ ಸಿಕ್ಕಿತು ಅಂದರೆ ನಂಬುವುದು ಕಷ್ಟ. ನಮ್ಮ ವರಾಹದಿಂದ.

ಹೌದು, ವರಾಹ. ವಿಜಯನಗರದ ಕಾಲದಿಂದ ಮೈಸೂರಿನವರೆಗೂ ಟಂಕಿಸಿದ ನಮ್ಮ ಚಿನ್ನದ ನಾಣ್ಯ. ಯುರೋಪಿನವರು ಅದನ್ನು ಪಗೋಡ ಅಂತ ಕರೆದರು. ಡೇನರು, ಅಂದರೆ ಡೆನ್ಮಾರ್ಕಿನವರು, 1620ರಲ್ಲೇ ತಂಜಾವೂರಿನ ನಾಯಕರಿಂದ ತಮಿಳು ಕರಾವಳಿಯ ತರಂಗಂಬಾಡಿ ಪಡೆದುಕೊಂಡು ಅಲ್ಲಿ ಕೋಟೆ ಕಟ್ಟಿದ್ದರು. ಅಲ್ಲಿನ ದೊಡ್ಡ ವ್ಯವಹಾರ ನಡೆಯುತ್ತಿದ್ದದ್ದು ವರಾಹದಲ್ಲಿ. ಆಮೇಲೆ ತಮ್ಮದೇ ವರಾಹಗಳನ್ನೂ ಹೊರಡಿಸಿದರು. ಕಿರ್‌ಸ್ಟೆನ್ ಕೊಂಬು ಕಂಡ ವರ್ಷ ಶ್ರೀರಂಗಪಟ್ಟಣದಲ್ಲಿ ರಣಧೀರ ಕಂಠೀರವರ ಆಳ್ವಿಕೆ ಆಗಷ್ಟೇ ಶುರುವಾಗಿತ್ತು. ಕಂಠೀರಾಯ ಹಣ ಹೊರಡಿಸಿದವರು ಅವರೇ. ಡೇನಿಷ್ ಹಡಗುಗಳು ನೂರಕ್ಕೂ ಹೆಚ್ಚು ವರ್ಷ ತರಂಗಂಬಾಡಿಗೆ ಓಡಾಡಿದ್ದರಿಂದ ಕೋಪನ್‌ಹೇಗನ್ನಿನ ಅಕ್ಕಸಾಲಿಗೆ ದೇವರ ಚಿತ್ರದ ವರಾಹ ತೀರಾ ಹೊಸದೇನಲ್ಲ. ಅದಕ್ಕೇ ಹೈಡೆನ್‌ರೈಖ್ ಖೋಟಾ ವರಾಹ ಟಂಕಿಸಿದ. ಚಿನ್ನಕ್ಕೆ ಹಿತ್ತಾಳೆ ಬೆರೆಸಿದ್ದ.

ಅದನ್ನು ಮಾರಲು ಹೋದದ್ದು ಯಾರ ಹತ್ತಿರ? ಆಂಡ್ರಿಯಾಸ್ ಹೋಮ್ ಹತ್ತಿರ. ಊರಿನ ಅಕ್ಕಸಾಲಿಗಳ ಸಂಘದ ಮುಖ್ಯಸ್ಥ! ಕಳಪೆ ಮಾಲು ಅಂತ ಹೋಮ್‌ಗೆ ಗೊತ್ತಾಯಿತು. ಚಿನ್ನದಲ್ಲಿ ಹಿತ್ತಾಳೆ ಇದ್ದರೆ ಒರೆಗಲ್ಲಿನ ಗೆರೆ ಸುಳ್ಳು ಹೇಳುವುದಿಲ್ಲ ಅನ್ನುವುದು ನಮ್ಮ ಪೇಟೆಬೀದಿಯವರಿಗೂ ಗೊತ್ತು. ಕೊಂಬು ಕದ್ದವನು ಇವನೇ ಇರಬೇಕು ಅಂತ ಹೋಮ್‌ಗೆ ಅನುಮಾನ ಬಂತು. ಅವನೂ ಜೊತೆಯವರೂ ಕಣ್ಣಿಟ್ಟು ಕಾದರು. ಹೈಡೆನ್‌ರೈಖ್ ನಾಣ್ಯದ ಅಚ್ಚುಗಳನ್ನು ಊರ ಕಂದಕದ ನೀರಿಗೆ ಎಸೆಯುವುದನ್ನು ನೋಡಿದರು. 1803ರ ಏಪ್ರಿಲ್ 27ಕ್ಕೆ ಸೆರೆ. ಮೂರು ದಿನದಲ್ಲಿ ಒಪ್ಪಿಕೊಂಡ. ಹೊರಗೆ ಬಂದದ್ದು 1840ರಲ್ಲಿ, ನಾಲ್ಕು ವರ್ಷದಲ್ಲಿ ತೀರಿಕೊಂಡ. ಅವನಿಂದ ಕೊಂಡವರು ಚಿನ್ನ ವಾಪಸ್ ಕೊಟ್ಟರು, ಅದೂ ನಾಣ್ಯವಾಗಿ ಹೋಯಿತು. ಅದರಿಂದಲೇ ಹೊಸ ಕೊಂಬು ಮಾಡಿಸಬಹುದಿತ್ತು, ಮಾಡಿಸಲಿಲ್ಲ.

ಒಂದು ನಕಲಾದರೂ ಇರಲಿಲ್ಲವೇ? ಇತ್ತು. ರೋಮಿನ ಒಬ್ಬ ಕಾರ್ಡಿನಲ್‌ಗೆ, ಅಂದರೆ ದೊಡ್ಡ ಕ್ರೈಸ್ತ ಧರ್ಮಗುರುವಿಗೆ ಅಂತ ಮಾಡಿಸಿದ್ದರು. ಅದನ್ನು ಹೊತ್ತ ಹಡಗು ಕಾರ್ಸಿಕಾ ದ್ವೀಪದ ಹತ್ತಿರ ಮುಳುಗಿತ್ತು. ಹಾಗಾಗಿ ಕೊನೆಗೆ ಉಳಿದದ್ದು ಕಾಗದ. ಉದ್ದದ ಕೊಂಬಿಗೆ ವರ್ಮ್ ಹಾಕಿಸಿದ ಚಿತ್ರ, ಗಿಡ್ಡದಕ್ಕೆ ಯೋಆಖಿಮ್ ಪೌಲ್ಲಿ ಅನ್ನುವವರು 1734ರಲ್ಲೇ ಮಾಡಿಕೊಂಡ ಚಿತ್ರ. ಇವತ್ತು ಮ್ಯೂಸಿಯಂಗಳಲ್ಲಿ ಕಾಣುವ ಕೊಂಬುಗಳೆಲ್ಲ ಇಂಥ ಚಿತ್ರಗಳನ್ನು ನೋಡಿ ಮಾಡಿದವು.

ರೂನ್ ಸಾಲು ಉಳಿದದ್ದೂ ಚಿತ್ರದಿಂದಲೇ. ಅದು ಹೀಗಿದೆ: ಏಕ್ ಹ್ಲೇವಗಸ್ತಿಜ್ ಹೋಲ್ಟಿಯಜ್ ಹೋರ್ನ ತವಿಡೋ. ನಾನು, ಹೋಲ್ಟಿಯಜ್ ಹ್ಲೇವಗಸ್ತಿಜ್, ಈ ಕೊಂಬು ಮಾಡಿದೆ. ಆ ಕಡೆಯ ಭಾಷೆಗಳಲ್ಲಿ ಪೂರ್ತಿ ವಾಕ್ಯವಾಗಿ ಉಳಿದಿರುವ ಬಹಳ ಹಳೆಯ ಸಾಲುಗಳಲ್ಲಿ ಇದೂ ಒಂದು. ಭಾಷೆ ಓದುವವರು ಇದನ್ನು ಕಂಠಪಾಠ ಮಾಡುತ್ತಾರೆ. ದೇವರ ಹೆಸರಿಲ್ಲ, ರಾಜನ ಹೆಸರಿಲ್ಲ, ಮಾಡಿಸಿದವರ ಹೆಸರೂ ಇಲ್ಲ. ಮಾಡಿದವನ ಹೆಸರು ಮಾತ್ರ.

ಗಲ್ಲೆಹುಸ್‌ನಲ್ಲಿ ಕೊಂಬು ಸಿಕ್ಕ ಎರಡು ಜಾಗದಲ್ಲೂ ಈಗ ಕಲ್ಲು ನೆಟ್ಟಿದ್ದಾರೆ. ಇನ್ನೊಂದು ಮಾತು. 2007ರಲ್ಲಿ ಯೆಲ್ಲಿಂಗ್ ಊರಿನ ಮ್ಯೂಸಿಯಂಗೆ ಕಳ್ಳರು ನುಗ್ಗಿ ಕೊಂಬುಗಳನ್ನು ಮತ್ತೆ ಕದ್ದರು. ಎರಡೇ ದಿನದಲ್ಲಿ ಸಿಕ್ಕಿದವು. ಪಾಪ, ಅವು ಬೆಳ್ಳಿಯ ಮೇಲೆ ಗಿಲೀಟು ಹಾಕಿದ ನಕಲುಗಳು.

ನಮಸ್ಕಾರ.