ಬಿಡುಗಡೆಯ ಬಿಲ್ ಯಾರ ಹೆಸರಿಗೆ?

ಕೇಳುಗರೇ, ನಮಸ್ಕಾರ.

1802ರ ಮಾರ್ಚ್ ತಿಂಗಳು. ಇವತ್ತು ನಾವು ಹೈಟಿ ಅನ್ನುವ ಕೆರಿಬಿಯನ್ ದೇಶದಲ್ಲಿ ಕ್ರೆತ್-ಆ-ಪಿಯೆರೊ ಅಂತ ಒಂದು ಸಣ್ಣ ಕೋಟೆ. ಸುತ್ತಲೂ ನೆಪೋಲಿಯನ್ ಕಳಿಸಿದ ಫ್ರೆಂಚ್ ಸೈನ್ಯ. ಒಳಗಿರುವವರಲ್ಲಿ ಹೆಚ್ಚಿನವರು ಹತ್ತು ವರ್ಷದ ಹಿಂದೆ ಗುಲಾಮರಾಗಿದ್ದವರು. ಕೋಟೆಯೊಳಗಿಂದ ಹಾಡು ಕೇಳಿಸುತ್ತದೆ. ಯಾವ ಹಾಡು ಗೊತ್ತಾ? ಫ್ರೆಂಚ್ ಕ್ರಾಂತಿಯದ್ದೇ ಹಾಡು! ಹೊರಗಿದ್ದ ಸಿಪಾಯಿಗಳು ಮುಖ ಮುಖ ನೋಡಿಕೊಂಡರು. ನ್ಯಾಯ ಅವರ ಕಡೆ ಇದೆಯಾ, ನಾವು ಯಾರ ಪರವಾಗಿ ಹೊಡೆದಾಡ್ತಿದ್ದೇವೆ ಅನ್ನುವ ಅನುಮಾನ ಅವರಿಗೆ ಬಂತು. ಇದನ್ನು ಬರೆದಿಟ್ಟವನು ಅದೇ ಸೈನ್ಯದ ಸೇನಾಧಿಕಾರಿ, ಪಾಂಫಿಲ್ ದ ಲಾಕ್ರುವಾ.

ಅಟ್ಲಾಂಟಿಕ್ ಸಾಗರದ ಎರಡೂ ದಡದಲ್ಲಿ ಆ ಕಾಲಕ್ಕೆ ಸ್ವಾತಂತ್ರ್ಯ ಅನ್ನುವುದು ಎಲ್ಲರ ಬಾಯಲ್ಲೂ ಇದ್ದ ಮಾತು. ನನಗೊಂದು ಚಟ. ಇಂಥ ಕಥೆ ಓದುವಾಗ ಭಾಷಣಗಳನ್ನು ಬಿಟ್ಟು ಸೀದಾ ಲೆಕ್ಕದ ಪುಸ್ತಕಕ್ಕೆ ಹೋಗುತ್ತೇನೆ. ಕೊನೆಗೆ ಯಾರಿಗೆ ದುಡ್ಡು ಸಿಕ್ಕಿತು, ಯಾರು ಕಟ್ಟಿದರು?

ಮೊದಲು ಅಮೆರಿಕ. 1776ರಲ್ಲಿ, ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಘೋಷಣೆಯಲ್ಲಿ, ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. ಅದಕ್ಕೆ ಒಂದು ವರ್ಷ ಮುಂಚೆ, ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್ ಒಂದು ಘೋಷಣೆ ಹೊರಡಿಸಿದ್ದ. ದಂಗೆ ಎದ್ದ ಒಡೆಯರ ಗುಲಾಮರು ನಮ್ಮ ಕಡೆ ಬಂದು ಹೋರಾಡಿದರೆ ಅವರಿಗೆ ಬಿಡುಗಡೆ ಎಂದು. ಅವನಿಗೇನೂ ಗುಲಾಮರ ಮೇಲೆ ಕರುಣೆ ಉಕ್ಕಿ ಬಂದಿರಲಿಲ್ಲ, ಒಡೆಯರ ಸೊಂಟ ಮುರಿಯಬೇಕಿತ್ತು ಅಷ್ಟೇ. ಆದರೂ ಯುದ್ಧ ಮುಗಿಯುವ ಹೊತ್ತಿಗೆ ಸಾವಿರಾರು ಜನ ಓಡಿ ಬಂದಿದ್ದರು. ಸ್ವಾತಂತ್ರ್ಯ ಹುಡುಕಿಕೊಂಡು ರಾಜನ ಕಡೆಗೆ ಓಡುವುದು! ವಿಚಿತ್ರ ಅಲ್ವಾ?

1783ರಲ್ಲಿ ಸೋತ ಬ್ರಿಟಿಷರು ನ್ಯೂಯಾರ್ಕ್ ಬಿಡುವಾಗ, ಜೊತೆಗೆ ಹಡಗು ಹತ್ತಿದ ಸುಮಾರು 3,000 ಕಪ್ಪು ಜನರ ಹೆಸರನ್ನು ಒಂದು ಪುಸ್ತಕದಲ್ಲಿ ದಾಖಲಿಸಿದರು. ಅದರಲ್ಲೊಂದು ಹೆಸರು ಹ್ಯಾರಿ ವಾಷಿಂಗ್ಟನ್. ವಯಸ್ಸು 43. ಮುಂಚೆ ಜನರಲ್ ವಾಷಿಂಗ್ಟನ್ ಅವರ ಆಸ್ತಿ, ಬಿಟ್ಟು ಬಂದು 7 ವರ್ಷ ಆಯಿತು ಎಂದು ಬರೆದಿದೆ. ಹೌದು, ಅದೇ ಜಾರ್ಜ್ ವಾಷಿಂಗ್ಟನ್. ಓಡಿಹೋದವರನ್ನು ವಾಪಸ್ ಕೊಡಿ ಎಂದು ಅವರು ಬ್ರಿಟಿಷ್ ಸೇನಾಪತಿಯನ್ನು ಕೇಳಿಯೂ ಇದ್ದರು. ಕೊಡಲಿಲ್ಲ. ಹ್ಯಾರಿ ಕೆನಡಾದ ಚಳಿಗೆ ಹೋದ, ಅಲ್ಲಿಂದ ಆಫ್ರಿಕಾದ ಸಿಯೆರಾ ಲಿಯೋನ್‌ಗೆ. ಅಲ್ಲಿ ವಸಾಹತು ನಡೆಸುತ್ತಿದ್ದ ಬ್ರಿಟಿಷ್ ಕಂಪನಿ ಜಮೀನಿನ ಮೇಲೆ ಕಂದಾಯ ಹಾಕಿತು. 1800ರಲ್ಲಿ ಅದರ ವಿರುದ್ಧ ಎದ್ದ ದಂಗೆಯಲ್ಲಿ ಹ್ಯಾರಿಯೂ ಇದ್ದ, ಗಡೀಪಾರಾದ. ಒಡೆಯನೂ ತೆರಿಗೆ ವಿಷಯಕ್ಕೇ ಎದ್ದವನು, ಆಳೂ ಅದಕ್ಕೇ ಎದ್ದವನು. ಒಡೆಯ ರಾಷ್ಟ್ರಪಿತನಾದ.

ಈಗ ಹೈಟಿಗೆ ಬರೋಣ. ಆಗ ಅದರ ಹೆಸರು ಸೇಂಟ್ ಡೊಮಿಂಗ್, ಫ್ರಾನ್ಸಿನ ವಸಾಹತು. ಸುಮಾರು 5 ಲಕ್ಷ ಗುಲಾಮರು, ಬಿಳಿಯರು 30 ಸಾವಿರದಷ್ಟು. ನೀವು ನಮ್ಮ ಆಲೆಮನೆ ನೋಡಿರುತ್ತೀರಿ. ಕಬ್ಬು ಕಡಿದ ಮೇಲೆ ಬೇಗ ಅರೆಯಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಅಲ್ಲೂ ಅದೇ ಅವಸರ. ಆದರೆ ಸುಗ್ಗಿಯಲ್ಲಿ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು, ಆಳು ತೂಕಡಿಸಿದರೆ ಕೈ ಕಬ್ಬಿನ ಜೊತೆ ಒಳಗೆ ಹೋಗುತ್ತಿತ್ತು. ಕೆರಿಬಿಯನ್ ದ್ವೀಪಗಳ ಗಾಣಗಳ ಪಕ್ಕದಲ್ಲಿ ಕೊಡಲಿಯೋ ಮಚ್ಚೋ ಸದಾ ಸಿದ್ಧ ಇಡುತ್ತಿದ್ದರು, ಕೈಯನ್ನು ಕಡಿದು ಆಳನ್ನು ಉಳಿಸಿಕೊಳ್ಳಲು. ಯುರೋಪಿನ ಕಾಫಿಗೆ ಬೀಳುತ್ತಿದ್ದ ಸಕ್ಕರೆ ಇದು.

1791ರ ಆಗಸ್ಟ್‌ನಲ್ಲಿ ಗುಲಾಮರು ದಂಗೆ ಎದ್ದರು, ಉತ್ತರದ ಬಯಲಿನ ಕಬ್ಬಿನ ತೋಟಗಳಿಗೆ ಬೆಂಕಿ ಬಿತ್ತು. 1793ರಲ್ಲಿ ದ್ವೀಪದಲ್ಲೇ ಬಿಡುಗಡೆಯ ಘೋಷಣೆ ಆಯಿತು, ಮರುವರ್ಷ ಪ್ಯಾರಿಸ್ ಒಪ್ಪಿಕೊಂಡಿತು. ಗಮನಿಸಿ, ಫ್ರೆಂಚ್ ಕ್ರಾಂತಿಯ ಮನುಷ್ಯನ ಹಕ್ಕುಗಳ ಘೋಷಣೆ ಬಂದದ್ದು 1789ರಲ್ಲಿ. ಗುಲಾಮರೂ ಮನುಷ್ಯರು ಎಂದು ಒಪ್ಪಲು ಪ್ಯಾರಿಸ್‌ಗೆ ಸುಡುವ ಗದ್ದೆಗಳೇ ಬೇಕಾದವು. ಆಮೇಲೆ ಫ್ರಾನ್ಸಿನಲ್ಲಿ ನೆಪೋಲಿಯನ್ ಅಧಿಕಾರಕ್ಕೆ ಬಂದ. ಬಿಡುಗಡೆಯಾದ ಗುಲಾಮರ ನಾಯಕ ತೂಸೈಂಟ್ ಲೂವರ್ಚರ್‌ನನ್ನು ಮೋಸದಿಂದ ಹಿಡಿಸಿದ. 1803ರಲ್ಲಿ ಫ್ರಾನ್ಸಿನ ಬೆಟ್ಟದ ಸೆರೆಮನೆಯೊಂದರಲ್ಲಿ ಲೂವರ್ಚರ್ ತೀರಿಕೊಂಡ. ಆದರೆ ಕೆರಿಬಿಯನ್‌ನ ಇನ್ನೊಂದು ಫ್ರೆಂಚ್ ದ್ವೀಪ ಗ್ವಾಡೆಲೂಪ್‌ನಲ್ಲಿ ಗುಲಾಮಗಿರಿ ವಾಪಸ್ ಬಂತು ಎಂಬ ಸುದ್ದಿ ಹರಡಿದ ಮೇಲೆ ಜನ ಸುಮ್ನೆ ಕೂರಲಿಲ್ಲ. ಹಳದಿ ಜ್ವರವೂ ಫ್ರೆಂಚ್ ಸೈನ್ಯವನ್ನು ತಿಂದು ಹಾಕಿತು. 1804ರ ಜನವರಿ 1ರಂದು ಲೂವರ್ಚರ್‌ನ ಸೇನಾಪತಿಯಾಗಿದ್ದ ದೆಸ್ಸಲೀನ್ ಸ್ವಾತಂತ್ರ್ಯ ಸಾರಿದ. ಅದೇ ವರ್ಷ ಉಳಿದ ಫ್ರೆಂಚರನ್ನು ಕೊಲ್ಲಿಸಿದ ಕಳಂಕವೂ ಅವನ ಮೇಲಿದೆ, ಮುಚ್ಚಿಡುವುದು ಬೇಡ.

ಬ್ರಿಟನ್ನಿನ ವಸಾಹತು ಜಮೈಕಾದ ದಾರಿ ಬೇರೆ. 1831ರ ಕ್ರಿಸ್‌ಮಸ್ ಹೊತ್ತಿಗೆ ಸ್ಯಾಮ್ಯುಯೆಲ್ ಶಾರ್ಪ್ ಎಂಬ ಬ್ಯಾಪ್ಟಿಸ್ಟ್ ಬೋಧಕ ಹೇಳಿದ್ದು ಇಷ್ಟೇ: ಕೂಲಿ ಕೊಡದಿದ್ದರೆ ಕಬ್ಬು ಕಡಿಯಲ್ಲ. ಮುಷ್ಕರ ದಂಗೆಯಾಯಿತು. ಸತ್ತ ಬಿಳಿಯರು 14. ಮರಣದಂಡನೆಗೆ ಗುರಿಯಾದ ಕರಿಯರು 300ಕ್ಕೂ ಜಾಸ್ತಿ, ಶಾರ್ಪ್ ಕೂಡ. ಎರಡು ವರ್ಷ ತುಂಬುವ ಮೊದಲೇ, 1833ರಲ್ಲಿ, ಬ್ರಿಟನ್ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಿತು.

ಈಗ ಬಿಲ್ ತೆಗೆಯೋಣ. ಬ್ರಿಟನ್ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಒಡೆಯರಿಗೆ. ದುಡಿದವರಿಗೆ ಒಂದು ಕಾಸಿಲ್ಲ. ಹೈಟಿಯದ್ದು ಇನ್ನೂ ಕಷ್ಟ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಬಂದರಿಗೆ ತಂದು ನಿಲ್ಲಿಸಿತು. ನಿಮ್ಮನ್ನು ದೇಶ ಎಂದು ಒಪ್ಪಬೇಕಾದರೆ ನಮ್ಮ ತೋಟಗಾರರ ನಷ್ಟ ಕಟ್ಟಿಕೊಡಿ, 15 ಕೋಟಿ ಫ್ರಾಂಕ್ ಎಂದಿತು. ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರು ಅನ್ನಿ. ಮೊದಲ ಕಂತಿಗೇ ಹೈಟಿ ಪ್ಯಾರಿಸ್‌ನಲ್ಲಿ 3 ಕೋಟಿ ಸಾಲ ಎತ್ತಿತು. ಕಮಿಷನ್ ಮುರಿದು ಕೈಗೆ ಬಂದದ್ದು 2 ಕೋಟಿ 40 ಲಕ್ಷ. ಆ ಸಾಲ, ಅದನ್ನು ತೀರಿಸಲು ಮತ್ತೊಂದು ಸಾಲ, ಹೀಗೆ ಕಟ್ಟಿ ಮುಗಿಸುವ ಹೊತ್ತಿಗೆ 1947.

ಬ್ರಿಟನ್ ಕೂಡ ಒಡೆಯರಿಗೆ ಕೊಡಲು ಸಾಲ ಮಾಡಿತ್ತು. ಅದು ಪೂರ್ತಿ ತೀರಿದ್ದು 2015ರಲ್ಲಿ. ತೀರಿಸಿದ್ದು ತೆರಿಗೆ ಹಣದಿಂದ. ಅಲ್ಲಿಯವರೆಗೆ ಲಂಡನ್‌ನಲ್ಲಿ ಬಸ್ ಓಡಿಸಿ, ಆಸ್ಪತ್ರೆಗಳಲ್ಲಿ ದುಡಿದು ತೆರಿಗೆ ಕಟ್ಟಿದವರಲ್ಲಿ ಜಮೈಕಾದಿಂದ ಬಂದವರ ಮಕ್ಕಳೂ ಮೊಮ್ಮಕ್ಕಳೂ ಇದ್ದರು.

ನಮಸ್ಕಾರ.